ಉರಿಯುವ ಅಂಗಾಲಿಗೆ ನರದ ಮಾತ್ರೆ

ಮಂಡ್ಯ ಜಿಲ್ಲೆಯಲ್ಲಿ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: ‘ಕಾಲು ಜೋಮು ಹಿಡಿತದೆ ಕಣಣ್ಣ, ರಾತ್ರಿಯೆಲ್ಲ ಅಂಗಾಲು ಉರಿ, ನಿದ್ದೆನೇ ಇಲ್ಲ. ಆ ನರದ ಮಾತ್ರೆ ಒಂದ್ ಪಟ್ಟಿ ಕೊಡು.’ ಅಂಗಡಿಯವರು ‘ಶುಗರ್ ಅದಾ?’ ಎಂದು ಕೇಳುತ್ತಾರೆ. ‘ಅದು ಎಂಟು ವರ್ಷದಿಂದ್ಲೂ ಅದೆ.’ ಚೀಟಿ ಇರುವುದಿಲ್ಲ, ಇದ್ದರೂ ವರ್ಷಗಳ ಹಿಂದಿನದು. ಮೆತ್ತನೆಯ ಕ್ಯಾಪ್ಸೂಲುಗಳ ಒಂದು ಪಟ್ಟಿ ಕೈ ಬದಲಾಗುತ್ತದೆ. ಹತ್ತು ಮಾತ್ರೆಗೆ ನೂರೈವತ್ತು ಇನ್ನೂರು ರೂಪಾಯಿ ಆಗುವುದೂ ಉಂಟು. ದಿನಕ್ಕೊಂದರಂತೆ ತಿಂಗಳಿಗೆ ಮೂರು ಪಟ್ಟಿ. ಕೂಲಿ ಮಾಡಿ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ.

ಈ ಮಾತ್ರೆ ವಿಷವೇನಲ್ಲ. ಆದರೆ ಸಕ್ಕರೆ ಕಾಯಿಲೆಯಲ್ಲಿ ಕಾಲನ್ನು ಉಳಿಸುವುದು ಅದಲ್ಲ. ಉಳಿಸುವ ಕೆಲಸಗಳು ಬೇರೆ ಇವೆ, ಅವು ಅಗ್ಗವಾಗಿವೆ, ಮತ್ತು ನಮ್ಮ ತಾಲ್ಲೂಕುಗಳಲ್ಲಿ ಅವು ಆಗಬೇಕಾದಷ್ಟು ಆಗುತ್ತಿಲ್ಲ. ನನ್ನ ತಕರಾರು ಇದೇ.

ಮೊದಲು ಆ ಪಟ್ಟಿಯನ್ನು ತಿರುಗಿಸಿ ಹಿಂಬದಿ ಓದೋಣ. ಕಂಪನಿಯಿಂದ ಕಂಪನಿಗೆ ಹೆಚ್ಚುಕಮ್ಮಿ ಆದರೂ ಒಳಗಿನ ಸಾಮಾನು ಸಾಧಾರಣವಾಗಿ ಹೀಗಿರುತ್ತದೆ: ಮೀಥೈಲ್‌ಕೊಬಾಲಮಿನ್, ಎಂದರೆ ಬಿ12 ಜೀವಸತ್ವದ ಒಂದು ರೂಪ, 1500 ಮೈಕ್ರೊಗ್ರಾಂ. ಆಲ್ಫಾ ಲಿಪೊಯಿಕ್ ಆಸಿಡ್ 100 ಮಿಲಿಗ್ರಾಂ. ಫೋಲಿಕ್ ಆಸಿಡ್ 1.5 ಮಿಲಿಗ್ರಾಂ. ಬಿ6 ಒಂದಿಷ್ಟು. ಕೆಲವದರಲ್ಲಿ ಬೆನ್‌ಫೋಟಿಯಮಿನ್, ಇನೊಸಿಟಾಲ್, ಕ್ರೋಮಿಯಂ, ಸೆಲೆನಿಯಂ ಕೂಡ. ಇಂಥ ಹಲವು ಉತ್ಪನ್ನಗಳು ಔಷಧದ ಪರವಾನಗಿಯಲ್ಲಿ ಮಾರುಕಟ್ಟೆಗೆ ಬಂದವಲ್ಲ. ಅವು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಪಡೆದ ಪೂರಕ ಆಹಾರಗಳು. ಆ ವರ್ಗಕ್ಕೆ 2016ರಲ್ಲಿ ಬಂದ ನಿಯಮಗಳ ಪ್ರಕಾರ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಸಾಲು ಲೇಬಲ್ಲಿನ ಮೇಲೆ ಇರಲೇಬೇಕು. ಇರುತ್ತದೆ ಕೂಡ, ಇಂಗ್ಲಿಷಿನಲ್ಲಿ. ಕಾಯಿಲೆಗೆಂದೇ ಅದನ್ನು ಕೊಳ್ಳುವ ರೈತನಿಗೆ ಆ ಸಾಲನ್ನು ಓದಿ ಹೇಳುವವರು ಯಾರೂ ಇಲ್ಲ.

ಈ ಪಟ್ಟಿಯಲ್ಲಿ ಆಂಟಿಆಕ್ಸಿಡೆಂಟ್ ಎಂದು ಹೆಸರು ಮಾಡಿರುವುದು ಲಿಪೊಯಿಕ್ ಆಸಿಡ್. ಅದನ್ನು ಸಕ್ಕರೆ ಕಾಯಿಲೆಯ ನರಕ್ಕೆ ಏಕೆ ಕೊಡುತ್ತಾರೆ ಎಂಬುದಕ್ಕೆ ಒಳ್ಳೆಯ ಕಾರಣವೇ ಇದೆ. ಸ್ನಾಯುವಿನೊಳಗೆ ಗ್ಲೂಕೋಸ್ ಹೋಗಲು ಇನ್ಸುಲಿನ್ ಬೇಕು, ನರದೊಳಗೆ ಹೋಗಲು ಬೇಡ. ರಕ್ತದಲ್ಲಿ ಸಕ್ಕರೆ ಏರಿದಂತೆಲ್ಲ ನರದಲ್ಲೂ ಏರುತ್ತದೆ. ಹೆಚ್ಚಾದ ಗ್ಲೂಕೋಸನ್ನು ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಾರ್ಬಿಟಾಲ್ ಆಗಿ ಬದಲಿಸುತ್ತದೆ. ಈ ಕೆಲಸಕ್ಕೆ ಎನ್‌ಎಡಿಪಿಎಚ್ ಎಂಬ ವಸ್ತು ಖರ್ಚಾಗುತ್ತದೆ. ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಥಯೋನನ್ನು ಮರಳಿ ಸಜ್ಜುಗೊಳಿಸಲು ಬೇಕಾದದ್ದೂ ಅದೇ ವಸ್ತು. ಹೀಗಾಗಿ ಸಕ್ಕರೆ ಹೆಚ್ಚಿದ ನರದಲ್ಲಿ ರಕ್ಷಣೆ ಕುಗ್ಗುತ್ತದೆ. ಅದೇ ಹೊತ್ತಿಗೆ ಜೀವಕೋಶದ ಮೈಟೋಕಾಂಡ್ರಿಯಾಗಳು ಸೂಪರಾಕ್ಸೈಡ್ ಎಂಬ ಉಗ್ರ ಕಣಗಳನ್ನು ಹೆಚ್ಚು ಹೆಚ್ಚು ಉಗುಳುತ್ತವೆ. ಸಕ್ಕರೆ ಕಾಯಿಲೆಯ ಬೇರೆ ಬೇರೆ ತೊಡಕುಗಳಿಗೆಲ್ಲ ಮೂಲ ಈ ಸೂಪರಾಕ್ಸೈಡೇ ಎಂದು ಅಮೆರಿಕದ ಮೈಕೇಲ್ ಬ್ರೌನ್ಲಿ 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದ ಮಂಡಿಸಿದರು. ಆ ವಾದಕ್ಕೆ ಈಗಲೂ ಬೆಲೆಯಿದೆ.

ಏಟು ಮೊದಲು ಬೀಳುವುದು ಕಾಲ್ಬೆರಳಿಗೆ. ಸೊಂಟದ ಹತ್ತಿರದಿಂದ ಹೊರಟ ನರದ ಎಳೆ ಬೆರಳ ತುದಿ ಮುಟ್ಟಲು ಸುಮಾರು ಒಂದು ಮೀಟರ್ ಉದ್ದ ಇರಬೇಕು, ಮತ್ತು ಅದು ಒಂದೇ ಜೀವಕೋಶದ ಎಳೆ. ಅಷ್ಟು ದೂರಕ್ಕೆ ಪೋಷಣೆ ಸಾಗಿಸುವುದು ಸೊರಗಿದ ನರಕ್ಕೆ ಆಗುವುದಿಲ್ಲ. ಅದಕ್ಕೇ ಜೋಮು ಬೆರಳಲ್ಲಿ ಶುರುವಾಗಿ, ಕಾಲುಚೀಲ ಹಾಕುವಷ್ಟು ಜಾಗವನ್ನು ಆವರಿಸಿಕೊಂಡು ಮೇಲೇರುತ್ತದೆ.

ಲಿಪೊಯಿಕ್ ಆಸಿಡ್ಡನ್ನು ನಮ್ಮ ದೇಹವೂ ತಯಾರಿಸುತ್ತದೆ, ಅತಿ ಸ್ವಲ್ಪ. 1951ರಲ್ಲಿ ಲೆಸ್ಟರ್ ರೀಡ್ ಎಂಬ ಅಮೆರಿಕದ ವಿಜ್ಞಾನಿ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದಾಗ ಸುಮಾರು 10 ಟನ್ ಯಕೃತ್ತಿನಿಂದ ಸಿಕ್ಕಿದ್ದು ಸುಮಾರು 30 ಮಿಲಿಗ್ರಾಂ. ಜರ್ಮನಿಯ ವೈದ್ಯರು ದಶಕಗಳಿಂದ ಇದನ್ನು ನರದ ಉರಿಗೆ ಬರೆದುಕೊಡುತ್ತಿದ್ದಾರೆ. ದೊಡ್ಡ ಪರೀಕ್ಷೆಗಳ ಸರಣಿ ಶುರುವಾದದ್ದೂ ಅಲ್ಲೇ.

1995ರಲ್ಲಿ ಪ್ರಕಟವಾದ ‘ಅಲಾಡಿನ್’ ಪರೀಕ್ಷೆಯಲ್ಲಿ 328 ರೋಗಿಗಳಿಗೆ ಮೂರು ವಾರ ಡ್ರಿಪ್ ಮೂಲಕ ನೇರ ರಕ್ತಕ್ಕೆ ಔಷಧ ಕೊಟ್ಟರು. ಕೆಲವರಿಗೆ 1200 ಮಿಲಿಗ್ರಾಂ, ಕೆಲವರಿಗೆ 600, ಕೆಲವರಿಗೆ 100, ಉಳಿದವರಿಗೆ ಔಷಧವೇ ಇಲ್ಲದ ದ್ರವ. 600 ಮತ್ತು 1200 ಪಡೆದವರಿಗೆ ಉರಿ, ನೋವು, ಜೋಮು ಗಮನಾರ್ಹವಾಗಿ ಇಳಿದವು. 100 ಪಡೆದವರ ಸ್ಥಿತಿ ಹುಸಿ ಔಷಧ ಪಡೆದವರಿಗಿಂತ ಹೆಚ್ಚೇನೂ ಭಿನ್ನವಾಗಿರಲಿಲ್ಲ. ನಮ್ಮ ಪಟ್ಟಿಯ ಹಿಂಬದಿಯಲ್ಲಿ ಇರುವ ಸಂಖ್ಯೆಯೂ 100. ಅದೂ ಡ್ರಿಪ್ಪಿನಲ್ಲಿ ಹೋಗುವುದಲ್ಲ, ಬಾಯಿಂದ ನುಂಗುವುದು. ನುಂಗಿದ್ದರಲ್ಲಿ ರಕ್ತ ಸೇರುವುದು ಸುಮಾರು ಮೂರರಲ್ಲೊಂದು ಪಾಲು. ಪರೀಕ್ಷೆಯಲ್ಲಿ ಗೆದ್ದ ಪ್ರಮಾಣದ ಹೆಸರು ಹೇಳಿಕೊಂಡು ಸೋತ ಪ್ರಮಾಣವನ್ನು ಮಾರುವ ಈ ವ್ಯಾಪಾರ ಸರಿಯಲ್ಲ ಎಂದು ಯಾರಾದರೂ ಗಟ್ಟಿಯಾಗಿ ಹೇಳಬೇಕಿತ್ತು.

ಹಾಗಾದರೆ 600 ಮಿಲಿಗ್ರಾಂ ನುಂಗಿದರೆ? 2006ರ ‘ಸಿಡ್ನಿ 2’ ಪರೀಕ್ಷೆ 181 ಜನರ ಮೇಲೆ ಐದು ವಾರ ನಡೆಯಿತು. ಬಾಯಿಂದ ಕೊಟ್ಟ 600 ಕೂಡ ಉರಿಯನ್ನು ತಗ್ಗಿಸಿತು. 1200, 1800 ಕೊಟ್ಟಾಗ ಲಾಭ ಹೆಚ್ಚಲಿಲ್ಲ, ವಾಕರಿಕೆ ಹೆಚ್ಚಿತು. ಭರವಸೆ ಹುಟ್ಟಿದ್ದು ಇಂಥ ಕಿರು ಅವಧಿಯ ಫಲಿತಾಂಶಗಳಿಂದ. ಸಕ್ಕರೆ ಕಾಯಿಲೆ ಐದು ವಾರದ್ದಲ್ಲವಲ್ಲ. ‘ನೇಥನ್ 1’ ಎಂಬ ಪರೀಕ್ಷೆಯಲ್ಲಿ 460 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಿನಕ್ಕೆ 600 ಮಿಲಿಗ್ರಾಂ ನುಂಗಿದರು, ಉಳಿದವರು ಹುಸಿ ಔಷಧ. 2011ರಲ್ಲಿ ಫಲಿತಾಂಶ ಬಂದಾಗ, ಪರೀಕ್ಷೆಗೆ ಮುಂಚೆಯೇ ಗೊತ್ತುಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ವೈದ್ಯರು ಕೈಯಿಂದ ಪರೀಕ್ಷಿಸುವ ಕೆಲವು ಲಕ್ಷಣಗಳಲ್ಲಿ ತುಸು ಸುಧಾರಣೆ ಇತ್ತು, ಅಷ್ಟೆ. 2024ರ ಜನವರಿಯಲ್ಲಿ ಕಾಕ್ರೇನ್ ಸಂಸ್ಥೆ ಆರು ತಿಂಗಳು ಮತ್ತು ಅದಕ್ಕಿಂತ ಹೆಚ್ಚು ಕಾಲ ನಡೆದ ಮೂರು ಪರೀಕ್ಷೆಗಳನ್ನು, ಒಟ್ಟು 816 ಜನರ ಮಾಹಿತಿಯನ್ನು, ಒಟ್ಟಿಗೆ ತೂಗಿ ನೋಡಿತು. ಆರು ತಿಂಗಳ ಹೊತ್ತಿಗೆ ಲಿಪೊಯಿಕ್ ಆಸಿಡ್ಡಿನಿಂದ ನರದ ತೊಂದರೆಗೆ ಆಗುವ ಉಪಕಾರ ಬಹುಶಃ ಅತ್ಯಲ್ಪ, ಇಲ್ಲವೇ ಇಲ್ಲ ಎಂಬುದು ಅದರ ತೀರ್ಮಾನ.

ಉಳಿದ ಆಂಟಿಆಕ್ಸಿಡೆಂಟುಗಳ ಕಥೆ ಇದಕ್ಕಿಂತ ಕಡೆ. ವಿಟಮಿನ್ ಇ ಕುಟುಂಬದ ಟೋಕೋಟ್ರೈಯೆನಾಲ್‌ಗಳನ್ನು ಮಲೇಷ್ಯಾದ 300 ರೋಗಿಗಳ ‘ವೀನಸ್’ ಪರೀಕ್ಷೆಯಲ್ಲಿ ಒಂದು ವರ್ಷ ಕೊಟ್ಟು ನೋಡಿದರು. 2018ರ ವರದಿಯ ಪ್ರಕಾರ ನರದ ಲಕ್ಷಣಗಳು ಒಟ್ಟಾರೆ ಸುಧಾರಿಸಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಬೀಟಾ ಕೆರೋಟಿನ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತೆಂದು 1994ರಲ್ಲೇ ತಿಳಿದುಬಂದಿತ್ತು. ಬೀಡಿ ಸೇದುತ್ತ ‘ಶಕ್ತಿಗೆ’ ಎಂದು ಇಂಥ ಮಾತ್ರೆ ನುಂಗುವವರು ಇದನ್ನು ತಿಳಿದಿರಬೇಕು. ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನು ಒಟ್ಟಿಗೆ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ, ವ್ಯಾಯಾಮದಿಂದ ಇನ್ಸುಲಿನ್ನಿನ ಕೆಲಸ ಚುರುಕಾಗುವ ಲಾಭವೇ ತಪ್ಪಿಹೋಗುತ್ತದೆಂದು ಜರ್ಮನಿಯ 2009ರ ಅಧ್ಯಯನವೊಂದು ತೋರಿಸಿತು. ನಾವು ಶತ್ರುವೆಂದು ತಿಳಿದ ಆ ಉಗ್ರ ಕಣಗಳು, ಮಿತವಾಗಿದ್ದಾಗ, ದೇಹಕ್ಕೆ ಸೂಚನೆ ಕೊಡುವ ಕೆಲಸವನ್ನೂ ಮಾಡುತ್ತವೆ.

ಇಷ್ಟಾದರೂ ಜನ ‘ನಂಗೆ ಗುಣ ಕಾಣಿಸ್ತು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಲಾಡಿನ್ ಪರೀಕ್ಷೆಯಲ್ಲಿ ಹುಸಿ ಔಷಧ ಪಡೆದವರಿಗೂ ಮೂರು ವಾರದಲ್ಲಿ ಉರಿ ಸಾಕಷ್ಟು ಇಳಿದಿತ್ತು. ನರದ ನೋವು ತಾನೇ ಏರುತ್ತ ಇಳಿಯುತ್ತ ಸಾಗುವಂಥದ್ದು. ವಿಪರೀತವಾದಾಗ ಮಾತ್ರೆ ಕೊಳ್ಳುತ್ತೇವೆ, ಇಳಿದದ್ದಕ್ಕೆ ಮಾತ್ರೆ ಕಾರಣ ಎಂದುಕೊಳ್ಳುತ್ತೇವೆ. ಇನ್ನೊಂದು ಕಾರಣ ಭಯ ಹುಟ್ಟಿಸುವಂಥದ್ದು. ಉರಿಯುವುದು ಇನ್ನೂ ಜೀವ ಇರುವ ನರ. ಅದು ಪೂರ್ತಿ ಸತ್ತ ಮೇಲೆ ಉರಿಯೂ ಇಲ್ಲ, ಚುಚ್ಚಿದಂತಾಗುವುದೂ ಇಲ್ಲ. ‘ಆರು ತಿಂಗಳು ಮಾತ್ರೆ ತಗೊಂಡೆ, ಉರಿ ಹೋಯ್ತು’ ಎಂದು ನೆಮ್ಮದಿಯಾಗಿರುವ ಕೆಲವರ ಕಾಲು ನಿಜವಾಗಿ ಅಪಾಯದ ಹಂತ ಮುಟ್ಟಿರುತ್ತದೆ. ಉರಿ ಹೋದ ಕಾಲಿಗೆ ಸ್ಪರ್ಶ ಉಳಿದಿದೆಯೇ ಎಂದು ಪರೀಕ್ಷಿಸದೆ ಗುಣವಾಯಿತೆನ್ನಬಾರದು.

ಸ್ಪರ್ಶ ಕಳೆದುಕೊಂಡ ಕಾಲಿಗೆ ಈ ಸೀಮೆಯಷ್ಟು ಕಷ್ಟದ ನೆಲ ಬೇರೆ ಇರಲಿಕ್ಕಿಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ ಓರೆಯಾಗಿ, ಚೂಪಾಗಿ ನಿಂತಿರುತ್ತದೆ. ಹವಾಯಿ ಚಪ್ಪಲಿಯನ್ನೂ ತೂರಿ ಬರುತ್ತದೆ. ಪಾಂಡವಪುರದ ಆಲೆಮನೆಗಳಲ್ಲಿ ಕೊಪ್ಪರಿಗೆಯ ಕೆಳಗಿನ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತ ಗಂಟೆಗಟ್ಟಲೆ ನಿಲ್ಲುವವರಿದ್ದಾರೆ, ಕೆಂಡದ ಚೂರು ಕಾಲಿಗೆ ಬಿದ್ದರೆ ಗೊತ್ತಾಗಬೇಕು. ಶ್ರೀರಂಗಪಟ್ಟಣದ ಕಾವೇರಿ ಬಯಲಿನಲ್ಲಿ, ಕೆ.ಆರ್. ಪೇಟೆಯ ಹೇಮಾವತಿ ನಾಲೆಯ ಕೆಳಗೆ ನಾಟಿ ಹಾಕುವ ಹೆಂಗಸರ ಕಾಲ್ಬೆರಳ ಸಂದಿಗಳು ಕೆಸರಿನಲ್ಲಿ ನೆನೆದು ನೆನೆದು ಬಿರಿಯುತ್ತವೆ. ನಾಗಮಂಗಲದ ಹೊಲಗಳಲ್ಲಿ ಬೆಣಚುಕಲ್ಲು, ಜಾಲಿಮುಳ್ಳು. ಇನ್ನು ದೇವಸ್ಥಾನಗಳು. ಮೇಲುಕೋಟೆಯ ಯೋಗನರಸಿಂಹನ ಬೆಟ್ಟದ ಮೆಟ್ಟಿಲು, ಆದಿಚುಂಚನಗಿರಿಯ ಮೆಟ್ಟಿಲು, ರಂಗನಾಥಸ್ವಾಮಿ ಗುಡಿಯ ಕಲ್ಲುಹಾಸು, ಇವೆಲ್ಲ ಬೇಸಿಗೆಯ ಮಧ್ಯಾಹ್ನ ಕೆಂಡ. ನರ ಸರಿ ಇದ್ದವರು ಓಡಿ ನೆರಳು ಸೇರುತ್ತಾರೆ. ಸ್ಪರ್ಶವಿಲ್ಲದವರು ನಿಧಾನವಾಗಿ ಪ್ರದಕ್ಷಿಣೆ ಹಾಕಿ ಮನೆಗೆ ಬಂದು, ಮಾರನೆಯ ದಿನ ಅಂಗಾಲಿನ ಬೊಬ್ಬೆ ನೋಡಿ ಬೆಚ್ಚುತ್ತಾರೆ. ಹರಕೆ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಬಿಸಿಲೇರುವ ಮುಂಚೆ, ದಪ್ಪ ಹತ್ತಿಯ ಕಾಲುಚೀಲ ತೊಟ್ಟು ಹೋದರೆ ದೇವರು ಬೇಡವೆನ್ನುವುದಿಲ್ಲ. ಮನೆಯಲ್ಲೂ ಒಂದು ಎಚ್ಚರ ಬೇಕು. ಜೋಮಿಗೆಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವ ಅಭ್ಯಾಸ ಬಹಳ. ಬಿಸಿ ಎಷ್ಟಿದೆ ಎಂದು ಆ ಕಾಲಿಗೆ ತಿಳಿಯುವುದಿಲ್ಲ, ಸುಟ್ಟ ಮೇಲೆ ಕಣ್ಣಿಗೆ ತಿಳಿಯುತ್ತದೆ.

ಸ್ಪರ್ಶವಿಲ್ಲದ ಕಾಲು ಹಾಳಾಗುವುದು ಗಾಯಗಳಿಂದ ಎಂಬ ತಿಳಿವಳಿಕೆ ನಮಗೆ ಬಂದದ್ದು ಕುಷ್ಠರೋಗಿಗಳಿಂದ, ಅದೂ ನಮ್ಮ ಪಕ್ಕದ ವೆಲ್ಲೂರಿನಿಂದ. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು, ಪಾದ ಕಾಯಿಲೆಯಿಂದ ತಾವಾಗಿ ಕೊಳೆತು ಉದುರುತ್ತವೆ ಎಂದೇ ಆಗ ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಒಬ್ಬೊಬ್ಬ ರೋಗಿಯ ದಿನಚರಿ ನೋಡುತ್ತ ಹೋದರು. ನೋವು ತಿಳಿಯದ ಕಾರಣಕ್ಕೆ ಅವರು ಬಿಸಿ ಪಾತ್ರೆ ಹಿಡಿಯುತ್ತಿದ್ದರು, ಮೊಳೆ ಹೊಕ್ಕ ಚಪ್ಪಲಿಯಲ್ಲೇ ನಡೆಯುತ್ತಿದ್ದರು, ಹುಣ್ಣಾದ ಜಾಗದ ಮೇಲೆಯೇ ಭಾರ ಹಾಕುತ್ತಿದ್ದರು. ಅಂಗ ಹೋಗುತ್ತಿದ್ದುದು ಇಂಥ ಗಾಯಗಳಿಂದ. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ, ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಎಂಸಿಆರ್ ಚಪ್ಪಲಿ ಎನ್ನುವುದು, ಆ ಕೆಲಸದಿಂದ ಬೆಳೆದು ಬಂತು. ಬ್ರ್ಯಾಂಡ್ ಮುಂದೆ ಅಮೆರಿಕದ ಕಾರ್ವಿಲ್ ಕುಷ್ಠರೋಗ ಕೇಂದ್ರಕ್ಕೆ ಹೋದಾಗ ಇದೇ ಪಾಠ ಸಕ್ಕರೆ ಕಾಯಿಲೆಯ ಕಾಲಿಗೂ ಹೊಂದುತ್ತದೆಂದು ತೋರಿಸಿದರು. ಸ್ಪರ್ಶ ಅಳೆಯುವ 10 ಗ್ರಾಂ ನೈಲಾನ್ ಎಳೆಯ ಪರೀಕ್ಷೆ ಹೊರಬಂದದ್ದೂ ಕಾರ್ವಿಲ್‌ನಿಂದಲೇ, 1986ರಲ್ಲಿ.

ಆ ಪರೀಕ್ಷೆಗೆ ಐದು ನಿಮಿಷವೂ ಬೇಡ. ಹಿಡಿಗೆ ಸಿಕ್ಕಿಸಿದ ಮೀನಿನ ಗಾಳದ ದಾರದಂಥ ಒಂದು ತುಂಡು ನೈಲಾನ್. ಅದನ್ನು ಚರ್ಮಕ್ಕೆ ನೆಟ್ಟಗೆ ಒತ್ತಿದರೆ 10 ಗ್ರಾಂ ಭಾರ ಬಿದ್ದೊಡನೆ ಬಾಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು. ಹೆಬ್ಬೆರಳಿನ ತುದಿ, ಬೆರಳುಗಳ ಬುಡದ ಉಬ್ಬು, ಹೀಗೆ ಕೆಲವು ಜಾಗಗಳಲ್ಲಿ ಒಂದೆರಡು ಸೆಕೆಂಡ್ ತಾಗಿಸಿ ‘ಗೊತ್ತಾಯ್ತಾ?’ ಎಂದು ಕೇಳಬೇಕು. ಎಳೆ ಬಾಗಿದರೂ ಗೊತ್ತಾಗದಿದ್ದರೆ ಆ ಕಾಲು ತನ್ನನ್ನು ತಾನು ಕಾಯ್ದುಕೊಳ್ಳಲಾರದು. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳ ಮೂಳೆಗೆ ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ನಿಮ್ಮ ಮನೆಯಲ್ಲಿ ಶುಗರ್ ಇರುವವರನ್ನು ಕೇಳಿ ನೋಡಿ, ಅವರ ಚಪ್ಪಲಿ ಕಳಚಿಸಿ ಯಾರಾದರೂ ಅಂಗಾಲು ನೋಡಿದ್ದು ಯಾವಾಗ ಎಂದು.

ನರದ ಮಾತ್ರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರಬಹುದಾದ ಒಂದು ವಸ್ತು ಬಿ12, ಕೊರತೆ ಇದ್ದವರಿಗೆ ಮಾತ್ರ. ಆ ಕೊರತೆ ನಮ್ಮಲ್ಲಿ ಇರುವ ಸಂಭವ ಹೆಚ್ಚು. ಶುಗರಿಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ದಿನವೂ ನುಂಗುವ ‘ಗ್ಯಾಸ್ ಮಾತ್ರೆ’ಯೂ ಅದನ್ನೇ ಮಾಡುತ್ತದೆ. ಬಿ12 ಸಿಗುವುದು ಮಾಂಸ, ಮೊಟ್ಟೆ, ಹಾಲಿನಲ್ಲಿ. ಬಾಡೂಟದ ಜಿಲ್ಲೆ ಎಂದು ಹೆಸರಾದರೂ ಬಡವರ ಮನೆಯಲ್ಲಿ ಬಾಡು ಬೇಯುವುದು ಹಬ್ಬಕ್ಕೋ ಬೀಗರೂಟಕ್ಕೋ. ಬಿ12 ಕೊರತೆಯ ಜೋಮು ಸಕ್ಕರೆ ಕಾಯಿಲೆಯ ಜೋಮಿನಂತೆಯೇ ಇರುತ್ತದೆ, ಆದರೆ ಬೇಗ ಹಿಡಿದರೆ ವಾಸಿಯಾಗಬಲ್ಲದು. ಆದ್ದರಿಂದ ಮಾತ್ರೆ ಶುರುಮಾಡುವ ಮೊದಲೇ ರಕ್ತದಲ್ಲಿ ಬಿ12 ಪರೀಕ್ಷೆ ಮಾಡಿಸಬೇಕು. ಕ್ಯಾಪ್ಸೂಲು ನುಂಗುತ್ತಿದ್ದರೆ ವರದಿಯಲ್ಲಿ ಸಂಖ್ಯೆ ಮೇಲೆ ಕಾಣುತ್ತದೆ, ಮೂಲ ಕೊರತೆ ಏಕೆ ಬಂತೆಂಬುದು ಮರೆಯಾಗುತ್ತದೆ. ಕೊರತೆ ಇದ್ದರೆ ಬರೀ ಬಿ12 ಸಾಕು, ಇಂಜೆಕ್ಷನ್ ಆಗಲಿ ಮಾತ್ರೆಯಾಗಲಿ. ಏಳೆಂಟು ಸಾಮಾನು ಬೆರೆಸಿದ ದುಬಾರಿ ಪಟ್ಟಿ ಬೇಕಿಲ್ಲ. ಬೆರೆಸಿದ್ದರಿಂದ ಆಗುವ ಒಂದು ಕೇಡನ್ನೂ ಹೇಳಬೇಕು. ಬಿ6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ, ಇದು 1983ರಿಂದ ಗೊತ್ತಿರುವ ಸಂಗತಿ. ಒಂದು ಕ್ಯಾಪ್ಸೂಲಿನಲ್ಲಿ ಇರುವುದು ಸ್ವಲ್ಪವೇ. ಆದರೆ ಬಿ1, ಬಿ6, ಬಿ12 ಸೇರಿಸಿದ ಕೆಲವು ಮಾತ್ರೆಗಳಲ್ಲಿ ಬಿ6 ಒಂದೇ 100 ಮಿಲಿಗ್ರಾಂ ಇರುವುದುಂಟು. ಜೋಮು ಹೋಗಲೆಂದು ಮೂರು ಕಡೆಯಿಂದ ಮೂರು ಬಗೆಯ ನರದ ಮಾತ್ರೆ ತಂದು ವರ್ಷಾನುಗಟ್ಟಲೆ ನುಂಗುವವರಿಗೆ ಜೋಮು ಹೆಚ್ಚಬಹುದು.

ರಾತ್ರಿ ನಿದ್ದೆ ಕೆಡಿಸುವ ಉರಿಗೆ ಪರೀಕ್ಷೆಯಲ್ಲಿ ಗೆದ್ದ ಔಷಧಗಳಿವೆ: ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್. ಮೊದಲನೆಯದು ತೀರಾ ಅಗ್ಗ. ಇವು ವೈದ್ಯರೇ ಬರೆದುಕೊಡಬೇಕಾದವು, ಏಕೆಂದರೆ ವಯಸ್ಸು, ಮೂತ್ರಪಿಂಡ, ಪ್ರಾಸ್ಟೇಟ್, ಕಣ್ಣಿನ ಒತ್ತಡ ನೋಡಿ ಪ್ರಮಾಣ ಗೊತ್ತುಮಾಡಬೇಕು. ಪ್ರಿಗ್ಯಾಬಲಿನ್ನನ್ನು ವಿಟಮಿನ್ನುಗಳ ಜೊತೆ ಬೆರೆಸಿದ ಕ್ಯಾಪ್ಸೂಲಿನಲ್ಲಿ ಈ ಹೊಂದಾಣಿಕೆಗೆ ದಾರಿಯಿಲ್ಲ. ಇವುಗಳೂ ಉರಿಯನ್ನು ಮಾತ್ರ ತಗ್ಗಿಸುತ್ತವೆ, ನರವನ್ನು ಮರಳಿ ಕಟ್ಟುವುದಿಲ್ಲ.

ನರ ಕೆಡುವುದನ್ನು ತಡೆಯುವ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇರುವುದು ಸಕ್ಕರೆಯ ಹತೋಟಿಗೆ. ಚಿಕ್ಕ ವಯಸ್ಸಿನಲ್ಲೇ ಬರುವ ಮೊದಲ ಬಗೆಯ ಸಕ್ಕರೆ ಕಾಯಿಲೆಯಲ್ಲಿ, 1441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಬಿಗಿಯಾದ ಹತೋಟಿಯಿಂದ ನರದ ತೊಂದರೆ ಶೇ 60ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಹೆಚ್ಚಾಗಿರುವ ಎರಡನೇ ಬಗೆಯಲ್ಲಿ ಲಾಭ ಇದಕ್ಕಿಂತ ಕಡಿಮೆ, ಆದರೂ ಇದೆ. ಹತೋಟಿಯ ಮಾತು ಬಂದಾಗ ಈ ಸೀಮೆಯಲ್ಲಿ ಬೆಲ್ಲದ ಮಾತು ಬಂದೇ ಬರುತ್ತದೆ. ‘ಸಕ್ಕರೆ ಬಿಟ್ಟಿದ್ದೀನಿ, ಬೆಲ್ಲದ ಕಾಫಿ ಕುಡೀತೀನಿ, ಅದ್ರಲ್ಲಿ ಆಂಟಿಆಕ್ಸಿಡೆಂಟ್ ಅದೆಯಂತೆ.’ ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸೇ, ಸಾವಯವದ್ದಾದರೂ ಅಷ್ಟೆ. ರಾಗಿಮುದ್ದೆ ಒಳ್ಳೆಯದು, ಸೊಪ್ಪಿನ ಮಸ್ಸಾರಿನ ಜೊತೆ, ಹುರುಳಿಯ ಜೊತೆ, ಒಂದು. ಎರಡು ದೊಡ್ಡ ಮುದ್ದೆಯ ಮೇಲೆ ಅನ್ನ ಬಡಿಸಿಕೊಂಡರೆ ರಾಗಿ ಕಾಪಾಡುವುದಿಲ್ಲ. ಆಂಟಿಆಕ್ಸಿಡೆಂಟ್ ಬೇಕೆನ್ನುವವರಿಗೆ ಸೊಪ್ಪು, ನೆಲ್ಲಿಕಾಯಿ, ಕಾಳು ಸಾಕು. ಅವುಗಳಿಂದ ಅಪಾಯವೂ ಇಲ್ಲ.

ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕುಗಳಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಅದು ದೊಡ್ಡ ಉಪಕಾರ. ಆ ಸರದಿಯಲ್ಲಿ ಚಪ್ಪಲಿ ಕಳಚಿ ಕೂರಲು ಒಂದು ಕುರ್ಚಿ, ಒಂದು ನೈಲಾನ್ ಎಳೆ, ಒಂದು ಶ್ರುತಿಕವೆ ಇರಬೇಕೆಂದು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಈ ನಾಲ್ಕೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ತರಬೇತಿ ಪಡೆದ ನರ್ಸ್ ಒಬ್ಬರು ಇದನ್ನು ಮಾಡಬಲ್ಲರು. ಬಿ12 ಪರೀಕ್ಷೆಯೂ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು. ಇನ್ನು ರೋಗಿಗಳು ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲುಗಳನ್ನು ಕನ್ನಡಿ ಹಿಡಿದೋ ಮನೆಯವರಿಂದಲೋ ನೋಡಿಸಿಕೊಳ್ಳಬೇಕು. ಬೊಬ್ಬೆ, ಕಪ್ಪು ಕಲೆ, ಒಸರುವ ಗಾಯ ಕಂಡರೆ, ಅಥವಾ ಒಂದು ಪಾದ ಮಾತ್ರ ಊದಿ ಮುಟ್ಟಿದರೆ ಬಿಸಿಯಾಗಿದ್ದರೆ, ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ತಮ್ಮ ತಾಲ್ಲೂಕಿನಲ್ಲೇ ಇದೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡೂ ದೂರವಿಲ್ಲ. ಕೆ.ಆರ್. ಪೇಟೆಯವರಿಗೆ ದಾರಿ ಸ್ವಲ್ಪ ಹೆಚ್ಚು, ಆದ್ದರಿಂದ ಅವರು ಬೆಳಗಾಗಲಿ ಎಂದು ಕಾಯದೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ತೋರಿಸಿ ಅಲ್ಲಿಂದ ಚೀಟಿ ಪಡೆದು ಹೊರಡುವುದು ಒಳ್ಳೆಯದು.